ಲೆಕ್ಕಕ್ಕೆ ಸಿಗದ ಸುತ್ತು

ನಿಕ್ಕಲ್ ಮುಚ್ಚಳಕ್ಕೆ ಬೆಸುಗೆ ಎರಡೇ ಕಡೆ.
ಕಾವು ತಾಗಿಸಿ, ಉಸಿರು ಹಿಡಿದು, ಎತ್ತಿದೆ.
ಒಳಗೆ ಕ್ಯಾಲಮಝೂ ಊರಿನ ಒಂದು ಮಧ್ಯಾಹ್ನ
ಅರವತ್ತೇಳು ವರ್ಷದಿಂದ ಕೂತೇ ಇತ್ತು.

ಜೋಡಿ ಸುರುಳಿ. ನೇರಳೆ ಹಣ್ಣು ತಿಂದ ನಾಲಗೆಯ ಬಣ್ಣದ ತಂತಿ,
ಕೂದಲಿಗಿಂತ ಸಪೂರ.
ಅಡಿಗೆ ಒಂದು ಅಯಸ್ಕಾಂತ, ಪಕ್ಕಕ್ಕೆ ಮೇಪಲ್ ಮರದ ಚಕ್ಕೆ.
ಮೇಣ ಹುಯ್ದಿಲ್ಲ; ಹಾಗಾಗಿ ಇದಕ್ಕೆ ಕಿವಿ ಇದೆ.
ಉಗುರು ತಾಗಿಸಿದರೆ ಸ್ಪೀಕರಿನಲ್ಲಿ
ಯಾರೋ ಬಾಗಿಲು ಬಡಿಯುತ್ತಾರೆ.

ಗೊತ್ತಿಲ್ಲದವರಿಗೆ ಇಷ್ಟು:
ಗೋಡೆಯೊಳಗಿನ ಕರೆಂಟು ಸದಾ ಗೊಣಗುತ್ತಿರುತ್ತದೆ.
ಆ ಗೊಣಗು ಎರಡು ಸುರುಳಿಗೂ ಒಟ್ಟಿಗೆ ಹೊಕ್ಕು
ಒಂದು ಹೌದೆಂದರೆ ಇನ್ನೊಂದು ಅಲ್ಲವೆಂದು
ಕೂಡಿ ಕಳೆದು ಸೊನ್ನೆ.
ಗಿಟಾರಿನ ತಂತಿ ಆಡಿದ್ದು ಮಾತ್ರ
ಅಯಸ್ಕಾಂತದಲ್ಲೊಂದು, ಸುರುಳಿಯಲ್ಲೊಂದು
ಎರಡು ಲಾಗ ಹಾಕಿ ನೆಟ್ಟಗೆ ನಿಲ್ಲುತ್ತದೆ.
ಇದು ಪಾಠ. ಪಾಠದಲ್ಲಿ ಎರಡೂ ಸರಿಸಮ.

ಇವು ಸಮ ಇಲ್ಲ.

ಒಂದು ಒಳಗೆಲ್ಲೋ ಹರಿದಿತ್ತು. ಬಿಚ್ಚುತ್ತ ಎಣಿಸಿದೆ,
ಹರಿದಲ್ಲಿ ಗುರುತಿಟ್ಟು, ಮತ್ತೆ ಎಣಿಸಿ
ಐದು ಸಾವಿರದ ಇನ್ನೂರ ಹದಿನೆಂಟು.
ಇನ್ನೊಂದು, ಮೀಟರು ಹೇಳುವಂತೆ, ಐದಕ್ಕೂ ಕಮ್ಮಿ.
ಸುತ್ತು ಹೆಚ್ಚಾದದ್ದು ದನಿ ದಪ್ಪ ಮಾಡುತ್ತದೆ, ಹೊಗೆ ಹಾಕುತ್ತದೆ;
ಕಮ್ಮಿಯಾದದ್ದು ಕಿಟಕಿ ತೆಗೆಯುತ್ತದೆ.
ಹೊಂದದ ಎರಡು ಒಂದೇ ಮುಚ್ಚಳದಡಿ ಬಿದ್ದಾಗ
ಒಂದಿಷ್ಟು ಗುಂಯ್ ಉಳಿಯುತ್ತದೆ,
ಅದರ ಜೊತೆಗೇ ಒಂದು ಅಂಚು,
ಹೊಸ ಬ್ಲೇಡಿನದಲ್ಲ, ಮುರಿದ ಬ್ರೆಡ್ಡಿನದು.

ಆ ಮುನ್ನೂರು ಸುತ್ತು ಯಾರ ಲೆಕ್ಕ?

ಎರಡು ಬೀದಿ ಆಚೆ ಫೆನ್ನಾ ವೀರಿಂಗಾ ಇದ್ದಾಳೆ,
ತೊಂಬತ್ತೊಂದು ತುಂಬಿದೆ, ಆ ಕಾರ್ಖಾನೆಯಲ್ಲಿ ನಾಲ್ಕು ವರ್ಷ ಸುತ್ತಿದವಳು.
ಖಾಲಿ ದಿಂಡನ್ನು ಅಂಗೈ ಮೇಲಿಟ್ಟೆ.
"ಲೆಕ್ಕವೆ?" ಎಂದಳು. "ತುಂಬಿದ ಹಾಗೆ ಕಂಡರೆ
ನಿಲ್ಲಿಸಿ ಅಂದಿದ್ದರು.
ಅಪ್ಪನ ಸೆಲರಿ ಗದ್ದೆಗೆ ನೀರು ನುಗ್ಗಿದ ವಾರ
ನನಗೆ ಏನೂ ತುಂಬಿದ ಹಾಗೆ ಕಾಣುತ್ತಿರಲಿಲ್ಲ."
ಅಯಸ್ಕಾಂತ? ಡಬ್ಬಿಯಲ್ಲಿ ಯಾವುದು ಕೈಗೆ ಬಂತೋ ಅದು.
ಗಿಟಾರು ಕೇಳಿದ್ದೀರಾ ಎಂದರೆ ಮೂಗು ಮುರಿದಳು:
ಅವರ ಚರ್ಚಿನಲ್ಲಿ ಆರ್ಗನ್ನೇ ಹೆಚ್ಚಾಗಿತ್ತಂತೆ.

ಡೆಟ್ರಾಯಿಟಿನ ಓಡೆಲ್ ಪ್ರೂಯಿಟ್ ಕಾಯುತ್ತಿದ್ದ.
ಭಾನುವಾರ ಪ್ರಾರ್ಥನೆಗೆ ನುಡಿಸುವವನು. ಅವನಿಗೆ ಅದೇ ದನಿ ಬೇಕು,
ಅಳು ಬರುವ ಮೊದಲು ಗಂಟಲು ಕಟ್ಟುತ್ತದಲ್ಲ, ಅದು.

ಹೊಸ ತಂತಿ ಏರಿಸಿದೆ. ಐದು ಸಾವಿರದ ಇನ್ನೂರ ಹದಿನೆಂಟು,
ಒಂದೂ ಹೆಚ್ಚಿಲ್ಲ, ಒಂದೂ ಕಮ್ಮಿಯಿಲ್ಲ.
ನುಡಿಸಿದೆ. ಸರಿ ಇತ್ತು.
ಪರೀಕ್ಷೆಯಲ್ಲಿ ಪಕ್ಕದವನ ಉತ್ತರ ಕದ್ದು
ಅವನ ಕಾಗುಣಿತದ ತಪ್ಪನ್ನೂ ಬರೆದಷ್ಟು ಸರಿ.

ಬಿಚ್ಚಿ ಹಾಕಿದೆ.
ಎಣಿಕೆಯ ಮುಳ್ಳಿನ ಮೇಲೆ ಕರವಸ್ತ್ರ ಹೊದಿಸಿ
ಮತ್ತೆ ಸುತ್ತತೊಡಗಿದೆ. ಹೊರಗೆ ಹಿಮ ಎತ್ತುವ ಲಾರಿ.
ತಂಗಿ ಫೋನಿನಲ್ಲಿ ವಿಚ್ಛೇದನದ ಮಾತಾಡುತ್ತಿದ್ದಳು,
ಹೂಂಗುಟ್ಟುತ್ತ, ಬೆರಳ ನಡುವೆ ತಂತಿ ಹಾಯಿಸುತ್ತ,
ಅವಳು ಸುಮ್ಮನಾದಾಗ ಕೈ ನಿಧಾನವಾಯಿತು,
ಅತ್ತಾಗ ಬಿಗಿಯಾಯಿತು.
ತುಂಬಿತು ಅನ್ನಿಸಿದಾಗ ನಿಲ್ಲಿಸಿದೆ.
ಮುಳ್ಳು ಎಲ್ಲಿ ನಿಂತಿತೋ, ನೋಡದೆ ಸೊನ್ನೆಗೆ ತಿರುಗಿಸಿದೆ.

ಓಡೆಲ್ ಬಂದು, ಕೋಟು ಕೂಡ ತೆಗೆಯದೆ, ನುಡಿಸಿದ.
"ಅದೇ ಅಲ್ಲ," ಅಂದ.
ಮತ್ತೆ ನುಡಿಸಿದ. ಕೊನೆಯ ಸ್ವರ ಬಿಟ್ಟ ಮೇಲೂ
ಸಣ್ಣಗೆ ಗುಂಯ್ ಎನ್ನುತ್ತಿತ್ತು ಕೋಣೆ.
"ಇದನ್ನು ಇನ್ಯಾರೂ ಬಿಚ್ಚದ ಹಾಗೆ," ಅಂದ,
"ಗಟ್ಟಿಯಾಗಿ ಬೆಸೆದುಬಿಡು."